ಶರಾವತಿ ಹಿನ್ನೀರಿಗೆ ಯಾವ ಹಗ್ಗ: ನಾರು, ಪ್ಲಾಸ್ಟಿಕ್, ನೈಲಾನ್, ಪಾಲಿಯೆಸ್ಟರ್

ದೋಣಿ ಕಟ್ಟುವ ಹಗ್ಗ ಕೊಳ್ಳುವವರು ಮೊದಲು ಕೇಳುವುದು ಅದು ಎಷ್ಟು ಭಾರ ತಡೆಯುತ್ತದೆ ಅಂತ. ನಮ್ಮ ಹಿನ್ನೀರಿನಲ್ಲಿ ಆ ಪ್ರಶ್ನೆಗೆ ಅಷ್ಟು ಬೆಲೆಯಿಲ್ಲ. ಈ ಹಿನ್ನೀರಿನ ಲಿಂಗನಮಕ್ಕಿ ಅಣೆಕಟ್ಟೆ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮೇ ಹೊತ್ತಿಗೆ ಅದೇ ನೀರು ಹತ್ತಾರು ಅಡಿ ಕೆಳಗಿರುತ್ತದೆ. ಭರ್ತಿ ನೀರಿಗೆ ಅಳೆದು ಕಟ್ಟಿದ ಹಗ್ಗ ಬೇಸಿಗೆಯಲ್ಲಿ ಸಡಿಲಾಗಲೇಬೇಕು. ಸಡಿಲಾದದ್ದು ತಳಕ್ಕೆ ಬೀಳುತ್ತದೋ, ಮೇಲೆ ತೇಲುತ್ತದೋ ಎಂಬುದರ ಮೇಲೇ ಎಲ್ಲ ನಿಂತಿದೆ.

ತುಮರಿ ಕಡೆಯ ಒಂದು ಕವಲಿನಲ್ಲಿ, ನೇತ್ರಾಣಿಯಲ್ಲಿ ಸ್ಕೂಬಾ ಕಲಿತ ನಾವು ಕೆಲವು ಗೆಳೆಯರು ದೋಣಿ ಕಟ್ಟಲೆಂದು ತೇಲುವ ಡ್ರಮ್ಮುಗಳನ್ನು ಇಟ್ಟು ನೋಡಿಕೊಳ್ಳುತ್ತೇವೆ. ಅಲ್ಲಿ ಲಂಗರು ಎಸೆದರೆ 1964ರಲ್ಲಿ ಅಣೆಕಟ್ಟೆ ಮುಗಿದು ಮುಳುಗಿದ ಕಾಡಿನ ಬೊಡ್ಡೆಗಳಿಗೆ ಸಿಕ್ಕಿಕೊಳ್ಳುತ್ತದೆ, ವಾಪಸ್ ಬರುವುದಿಲ್ಲ. ಕೆನಡಾದ ಒಂಟಾರಿಯೊದಲ್ಲಿ ಸ್ವಯಂಸೇವಕ ಮುಳುಗುಗಾರರು ಇದೇ ಕೆಲಸವನ್ನು ಮುಳುಗಿದ ಹಡಗುಗಳ ಮೇಲೆ ಮಾಡುತ್ತಾರೆ. ಲಂಗರು ಬಿದ್ದರೆ ಹಳೆಯ ಹಡಗಿನ ಕಟಕಟೆ ಮುರಿಯುತ್ತದೆ, ಅದಕ್ಕೇ ಪಕ್ಕದಲ್ಲಿ ಕಾಂಕ್ರೀಟ್ ದಿಮ್ಮಿ ಇಳಿಸಿ ಅದರಿಂದ ಹಗ್ಗ ತರುತ್ತಾರೆ. ಕಿಂಗ್‌ಸ್ಟನ್ ಬಳಿ 1985ರಲ್ಲಿ ಬೇಕೆಂದೇ ಮುಳುಗಿಸಿದ ವುಲ್ಫ್ ಐಲ್ಯಾಂಡರ್ 2 ಎಂಬುದು ನಮ್ಮ ಸಿಗಂದೂರು ಲಾಂಚಿನ ಹಾಗೆ ಜನ, ವಾಹನ ದಾಟಿಸುತ್ತಿದ್ದ ಹಡಗು. ಸಿಹಿನೀರಲ್ಲಿ ಮರ ಕೊರೆಯುವ ಕಡಲಹುಳು ಇಲ್ಲದ್ದರಿಂದ ಅಲ್ಲಿ ಮರದ ಹಡಗುಗಳು ಉಳಿದಿವೆ. ನಮ್ಮಲ್ಲಿ ಬೊಡ್ಡೆಗಳು ಉಳಿದಿವೆ. ಅವರ ಶತ್ರು ಮಂಜುಗಡ್ಡೆ, ಚಳಿಗಾಲಕ್ಕೆ ಮೊದಲೇ ಹಗ್ಗದ ತುದಿಯ ತೇಲುಬುರುಡೆಗಳನ್ನು ಎತ್ತಿಡುತ್ತಾರೆ. ನಮ್ಮ ತಕರಾರು ಬೇಸಿಗೆಯದು.

ತೆಂಗಿನ ನಾರಿನ ಮಿಣಿ ಅಗ್ಗ, ಕೈಗೆ ಒರಟು, ಗಂಟು ಜಾರುವುದಿಲ್ಲ. ಆದರೆ ಅದೇ ದಪ್ಪದ ಪ್ಲಾಸ್ಟಿಕ್ಕಿನ ಮುಂದೆ ತುಂಬಾ ಬಡಕಲು. ಪಾಚಿ ಹತ್ತಿದ ಮೇಲೆ ಒಳಗಿನ ಎಳೆ ಸವೆದದ್ದು ಕಣ್ಣಿಗೆ ಕಾಣುವುದಿಲ್ಲ. ದಡದಲ್ಲಿ ತೆಪ್ಪ ಕಟ್ಟಲು ಇರಲಿ.

ಹಳದಿ, ನೀಲಿ ಬಣ್ಣದ ಪ್ಲಾಸ್ಟಿಕ್ ಹಗ್ಗ, ಅಂದರೆ ಪಾಲಿಪ್ರೊಪಿಲೀನ್, ನೀರಿಗಿಂತ ಹಗುರ. ತಳದ ಬೊಡ್ಡೆಗಳಿಗೆ ಸುತ್ತಿಕೊಳ್ಳುವುದಿಲ್ಲ, ಅದು ದೊಡ್ಡ ಗುಣ. ಆದರೆ ಸಡಿಲಾದದ್ದೆಲ್ಲ ನೀರಿನ ಮೇಲೆ ಹಾವಿನಂತೆ ಬಿದ್ದಿರುತ್ತದೆ, ಮೋಟಾರು ದೋಣಿಯ ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ಬಿಸಿಲಿಗೆ ಮೇಲಿನ ತುಂಡು ಪುಡಿಪುಡಿಯಾಗಿ ಅಂಗೈಗೆ ಚುಚ್ಚುತ್ತದೆ. ಮೈ ನುಣುಪು, ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಎಳೆ ಹೆಣೆದು ಕುಣಿಕೆ ಮಾಡುವಾಗ ಒಂದೆರಡು ಸುತ್ತು ಹೆಚ್ಚು ಹಾಕಬೇಕು.

ನೈಲಾನನ್ನು ಹೊಗಳುವವರು ಬಹಳ. ಅದು ಹಿಗ್ಗುತ್ತದೆ, ಗಾಳಿಯಲ್ಲಿ ದೋಣಿ ಜಗ್ಗಿದಾಗ ಆಘಾತ ನುಂಗುತ್ತದೆ. ಸಮುದ್ರದಲ್ಲಿ ಅದು ಬೇಕು. ಮಳೆಗಾಲ ಬಿಟ್ಟರೆ ನಮ್ಮ ಕವಲಿನಲ್ಲಿ ಅಂಥ ಅಲೆ ಎಲ್ಲಿದೆ? ನೈಲಾನ್ ನೀರು ಕುಡಿಯುತ್ತದೆ, ಒದ್ದೆಯಾದಾಗ ಬಲ ಸುಮಾರು ಹತ್ತು ಪಾಲಿನಲ್ಲಿ ಒಂದು ಪಾಲು ಕಡಿಮೆ. ಹಿಗ್ಗಿ ಕುಗ್ಗುವಾಗ ಡ್ರಮ್ಮಿನ ಅಡಿಯ ಬಳೆಯಲ್ಲಿ ಉಜ್ಜುತ್ತಲೇ ಇರುತ್ತದೆ. ಸಾಲದ್ದಕ್ಕೆ ಮುಳುಗುತ್ತದೆ, ಬೊಡ್ಡೆಗೆ ಸಿಕ್ಕುತ್ತದೆ.

ಪಾಲಿಯೆಸ್ಟರ್ ಕೂಡ ಮುಳುಗುತ್ತದೆ, ನಾಲ್ಕರಲ್ಲಿ ಭಾರ ಅದೇ. ಬೆಲೆಯೂ ಹೆಚ್ಚು. ಆದರೂ ಬಿಸಿಲು, ಉಜ್ಜಾಟ ಎರಡನ್ನೂ ತಡೆಯುವಲ್ಲಿ ಅದರ ಹತ್ತಿರ ಬೇರೆ ಯಾವುದೂ ಬರಲಿಲ್ಲ. ನಾನು ಅದನ್ನೇ ಆರಿಸಿದೆ, ಆದರೆ ಸುಮ್ಮನೆ ಕಟ್ಟಿ ಬಿಡಲಿಕ್ಕಲ್ಲ.

ಸಡಿಲನ್ನು ಎಳೆದಿಡಲು ಒಂದು ಉಪಾಯವಿದೆ. ತಳಕ್ಕಿಳಿಸಿದ ಕಾಂಕ್ರೀಟ್ ದಿಮ್ಮಿಯಿಂದ ಬಂದ ಹಗ್ಗವನ್ನು ಡ್ರಮ್ಮಿನ ಅಡಿಯ ಬಳೆಯೊಳಗೆ ತೂರಿಸಿ, ಇನ್ನೊಂದು ತುದಿಗೆ ಸಣ್ಣ ಕಲ್ಲು ಕಟ್ಟಿ ಇಳಿಬಿಡಬೇಕು. ನೀರು ಇಳಿದಂತೆ ಕಲ್ಲು ಕೆಳಗಿಳಿದು ಹಗ್ಗವನ್ನು ಬಿಗಿಯಾಗಿಡುತ್ತದೆ. ದೋಣಿ ಎಳೆದರೆ ಕಲ್ಲು ಮೇಲೇರಿ ಬೇಕಾದಷ್ಟು ಹಗ್ಗ ಬಿಡುತ್ತದೆ. ಲೆಕ್ಕ ಸುಲಭ: 60 ಅಡಿ ಆಳದಲ್ಲಿ 60 ಅಡಿಗಿಂತ ತುಸು ಹೆಚ್ಚು ಹಗ್ಗ ಹಾಕಿದರೆ ನೀರು 30 ಅಡಿಯ ಹತ್ತಿರಕ್ಕೆ ಇಳಿಯುವವರೆಗೂ ಕೆಲಸ ಮಾಡುತ್ತದೆ, ಆಮೇಲೆ ಕಲ್ಲು ನೆಲ ಮುಟ್ಟುತ್ತದೆ. ಡ್ರಮ್ಮಿನ ಮೇಲೆ ಬೀಳುವ ಎಳೆತ ಕಲ್ಲಿನ ತೂಕದ ಎರಡರಷ್ಟು, ಇದನ್ನು ಮರೆತು ದೊಡ್ಡ ಕಲ್ಲು ಕಟ್ಟಿದರೆ ಡ್ರಮ್ಮೇ ಮುಳುಗುತ್ತದೆ. ಈ ಏರ್ಪಾಡಿನಲ್ಲಿ ಹಗ್ಗ ಬಳೆಯೊಳಗೆ ಓಡಾಡುತ್ತಲೇ ಇರುವುದರಿಂದ ನೈಲಾನ್ ಬೇಗ ಜುಂಗೆದ್ದಿತು, ಪಾಲಿಯೆಸ್ಟರ್ ತಡೆದುಕೊಂಡಿತು. ದಿಮ್ಮಿಯ ಹತ್ತಿರದ ಕೊನೆಯ ಒಂದೆರಡು ಮಾರು ಮಾತ್ರ ಪ್ಲಾಸ್ಟಿಕ್ ಹಗ್ಗ ಸೇರಿಸಿದ್ದೇವೆ. ತೇಲುವ ಗುಣಕ್ಕೆ ಅದು ಬೊಡ್ಡೆಗಳಿಂದ ಮೇಲೆದ್ದು ನಿಲ್ಲುತ್ತದೆ, ಬಿಸಿಲು ಅಲ್ಲಿಗೆ ತಲುಪುವುದಿಲ್ಲ.

ದಿಮ್ಮಿಯ ಬದಲು ಬೊಡ್ಡೆಗೇ ಕಟ್ಟಬಹುದಲ್ಲ ಎಂದು ದಡದ ಹಿರಿಯರು ಕೇಳುತ್ತಾರೆ. ಸದಾ ನೀರೊಳಗಿರುವ ಬೊಡ್ಡೆ ಗಟ್ಟಿ. ವರ್ಷಕ್ಕೊಮ್ಮೆ ಬಿಸಿಲು ಕಾಣುವುದು ಒಳಗೊಳಗೇ ಲಡ್ಡಾಗಿರುತ್ತದೆ, ನೀರಡಿ ಮುಟ್ಟಿ ನೋಡಿದರೆ ವ್ಯತ್ಯಾಸ ತಿಳಿಯದು. ಹಾಗಾಗಿ ಕಾಂಕ್ರೀಟೇ ಸರಿ, ಆದರೆ 100 ಕಿಲೋ ಕಾಂಕ್ರೀಟ್ ನೀರೊಳಗೆ 60 ಕಿಲೋ ಕೂಡ ತೂಗುವುದಿಲ್ಲ ಎಂದು ನೋಡಿಕೊಂಡೇ ಎರಕ ಹೊಯ್ಯಿರಿ.