ನಾಟಕದ ವಿಡಿಯೋಗೆ ‘ಲೇಖಕ’ ಯಾರು? ಮೂರು ಕ್ಯಾಟಲಾಗ್ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೋಹಾಗೆ, ಅಂದರೆ ಗ್ರಂಥಾಲಯದ ಕ್ಯಾಟಲಾಗ್ ಇಡುವ ಒಂದು ಸಾಫ್ಟ್‌ವೇರ್‌ಗೆ. ಮೈಸೂರಿನ ಸರಸ್ವತೀಪುರಂನ ಒಂದು ಸಣ್ಣ ರಂಗ ಟ್ರಸ್ಟ್‌ನ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಪುಸ್ತಕ ಕಡಿಮೆ. ನಾಟಕಗಳ ವಿಎಚ್‌ಎಸ್ ಕ್ಯಾಸೆಟ್, ಡಿವಿಡಿ, ಸ್ಲೈಡು, ಪೋಸ್ಟರುಗಳೇ ಜಾಸ್ತಿ. ಇವುಗಳ ದಾಖಲೆ ಬರೆಯಲು ಟ್ರಸ್ಟ್‌ನವರು ದುಡ್ಡು ಕೊಟ್ಟು ತಂದಿದ್ದ ಒಂದು ಸಾಫ್ಟ್‌ವೇರ್, ಆಮೇಲೆ ಎಕ್ಸೆಲ್, ಈಗ ಕೋಹಾ, ಮೂರನ್ನೂ ಬಳಸಿದ್ದೇನೆ.

ಕೊಂಡು ತಂದ ಸಾಫ್ಟ್‌ವೇರ್ ಪುಸ್ತಕಕ್ಕೆ ಚೆನ್ನಾಗಿಯೇ ಇತ್ತು. ವಿಡಿಯೋಗೆ ಕೈ ಹಾಕಿದಾಗ ಶುರುವಾಯಿತು ತಾಪತ್ರಯ. ಅದರಲ್ಲಿ ‘ಲೇಖಕ’ ಅನ್ನೋ ಖಾನೆ ಖಾಲಿ ಬಿಟ್ಟರೆ ದಾಖಲೆ ಸೇವ್ ಆಗುವುದಿಲ್ಲ. ಈಗ ಹೇಳಿ, ಒಂದು ನಾಟಕದ ರೆಕಾರ್ಡಿಂಗ್‌ಗೆ ಲೇಖಕ ಯಾರು? ನಾಟಕ ಬರೆದವರಾ, ನಿರ್ದೇಶಿಸಿದವರಾ, ಕ್ಯಾಮೆರಾ ಹಿಡಿದವರಾ?

ನನಗಿಂತ ಮುಂಚೆ ಇದ್ದವರು ನಿರ್ದೇಶಕರ ಹೆಸರು ಹಾಕುತ್ತಿದ್ದರು. ಅವರಿಲ್ಲದಾಗ ಕೂತವರು ನಾಟಕಕಾರರ ಹೆಸರು ಹಾಕಿದರು. ಕೆಲವಕ್ಕೆ ಶೂಟ್ ಮಾಡಿದ ಸ್ಟುಡಿಯೋ ಹೆಸರೇ ಲೇಖಕ! ಯಾರನ್ನೂ ದೂರುವಂತಿಲ್ಲ, ಇರುವ ಒಂದೇ ಖಾನೆಯಲ್ಲಿ ಒಬ್ಬರನ್ನು ಕೂರಿಸಲೇಬೇಕಿತ್ತು.

ಮಾನಸಗಂಗೋತ್ರಿಯಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬಂದು, “ಮೇಡಂ, ಈ ನಿರ್ದೇಶಕರು ಮಾಡಿಸಿದ ನಾಟಕ ಎಲ್ಲಾ ಬೇಕಿತ್ತು” ಎಂದಳು. ಹುಡುಕಿದರೆ ಸಿಕ್ಕಿದ್ದು ಕೆಲವೇ. ಉಳಿದವು ಬೀರುವಿನಲ್ಲೇ ಇವೆ, ಕ್ಯಾಟಲಾಗ್‌ನಲ್ಲಿ ಮಾತ್ರ ಬೇರೆಯವರ ಹೆಸರಿನ ಕೆಳಗೆ. ಕೊನೆಗೆ ಇಬ್ಬರೂ ಕೂತು ಕ್ಯಾಸೆಟ್ ಬೆನ್ನಿನ ಚೀಟಿ ಒಂದೊಂದಾಗಿ ಓದಿದೆವು. ಹಾಗೆ ಓದುವುದಾದರೆ ಕ್ಯಾಟಲಾಗ್ ಯಾಕೆ ಬೇಕು? ಕಂಪನಿಗೆ ಫೋನ್ ಮಾಡಿದರೆ, ಖಾನೆ ಬದಲಾಯಿಸಲು ಬೇರೆ ಚಾರ್ಜು ಎಂದರು. ವರ್ಷ ವರ್ಷ ಕಟ್ಟುವ ಎಎಂಸಿ (ನಿರ್ವಹಣೆ ಶುಲ್ಕ) ಬೇರೆ.

ಕೋಹಾದಲ್ಲಿ ಈ ಗಂಟು ಬಿಡಿಸಿಕೊಂಡಿತು. ಅದು ನಡೆಯುವುದು ಮಾರ್ಕ್ 21 ಪ್ರಕಾರ. ಗ್ರಂಥಾಲಯದ ದಾಖಲೆ ಬರೆಯುವ ಒಂದು ಮಾದರಿ ಅದು, ಅದರಲ್ಲಿ ಒಂದೊಂದು ಖಾನೆಗೂ ಒಂದೊಂದು ಸಂಖ್ಯೆ. ವಿಡಿಯೋದಂಥ ಹತ್ತಾರು ಜನರ ಕೆಲಸಕ್ಕೆ ಸಾಮಾನ್ಯವಾಗಿ ಶೀರ್ಷಿಕೆಯೇ ಮುಖ್ಯ ನಮೂದು, ಅಂದರೆ ದಾಖಲೆ ನಿಲ್ಲುವುದು ಒಬ್ಬರ ಹೆಸರಿನ ಮೇಲಲ್ಲ, ಶೀರ್ಷಿಕೆಯ ಮೇಲೆ. ಲೇಖಕರ 100ನೇ ಖಾನೆ ಖಾಲಿ ಬಿಟ್ಟರೂ ಅದು ತಕರಾರು ಮಾಡುವುದಿಲ್ಲ. ತೆರೆಯ ಹಿಂದೆ ದುಡಿದವರ ವಿವರ 508ರಲ್ಲಿ, ನಟರದ್ದು 511ರಲ್ಲಿ. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು 700, ಪಕ್ಕದಲ್ಲೇ ಅವರ ಪಾತ್ರ: ನಿರ್ದೇಶನ, ನಾಟಕ ರಚನೆ, ಬೆಳಕು, ಕ್ಯಾಮೆರಾ. ಈಗ ಬೆಳಕು ಮಾಡಿದವರ ಹೆಸರು ಹಾಕಿ ಹುಡುಕಿದರೂ ನಾಟಕ ಸಿಗುತ್ತದೆ. ನಮ್ಮಂಥ ಜಾಗದಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಕೋಹಾದಲ್ಲೂ ಕಿರಿಕಿರಿ ಇದೆ. ಅವಧಿಯನ್ನು ಮೂರು ಕಡೆ, ಮೂರು ತರಹ ಬರೆಯಬೇಕು. ಒಂದೂವರೆ ಗಂಟೆ ಮೇಲೆ ಐದು ನಿಮಿಷದ ನಾಟಕ ಅಂದುಕೊಳ್ಳಿ. 300ರಲ್ಲಿ ‘1 ವಿಡಿಯೋ ಡಿಸ್ಕ್ (95 ನಿಮಿಷ)’. 306ರಲ್ಲಿ ಗಂಟೆ, ನಿಮಿಷ, ಸೆಕೆಂಡು ಸೇರಿಸಿ 013500. 008ರಲ್ಲಿ ಮೂರೇ ಅಂಕಿ, 095. ಜೊತೆಗೆ 008ರ ಪಟ್ಟಿ ತೆರೆದಾಗ ‘ಪುಸ್ತಕ’ ಎಂದು ಇದ್ದರೆ ‘ದೃಶ್ಯ ಸಾಮಗ್ರಿ’ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಅವಧಿಯ ಜಾಗವೇ ಕಾಣುವುದಿಲ್ಲ. ದಾಖಲೆಯ ಶುರುವಿನಲ್ಲೇ ಇದು ಯಾವ ಬಗೆಯ ವಸ್ತು ಎಂದು ಹೇಳುವ ‘ಲೀಡರ್’ನಲ್ಲಿ ವಿಡಿಯೋ, ಸ್ಲೈಡಿಗೆ ‘ಜಿ’, ಪೋಸ್ಟರು, ಫೋಟೋಗೆ ‘ಕೆ’. ಕೈ ಕೂತ ಮೇಲೆ ಕಷ್ಟವಿಲ್ಲ.

ಕನ್ನಡದಲ್ಲಿ ಟೈಪ್ ಮಾಡಿದ್ದು ಕನ್ನಡದಲ್ಲೇ ಉಳಿಯುತ್ತದೆ. ಹಳೇ ಸಾಫ್ಟ್‌ವೇರ್‌ನಲ್ಲಿ ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಹೋದರೆ ಬರೀ ಗೀಚು.

ಪುಸ್ತಕಕ್ಕಾದರೆ ಕೋಹಾ ಬೇರೆ ಗ್ರಂಥಾಲಯದ ದಾಖಲೆಯನ್ನೇ ಎಳೆದುಕೊಡುತ್ತದೆ. ನಮ್ಮ ಹುಡುಗರು ಆಡಿದ ನಾಟಕದ ದಾಖಲೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ನಾವೇ ಬರೆಯಬೇಕು. ಅದಕ್ಕೇ ಹೇಳುವುದು, ಬರೆಯುವಾಗ ಸುಮ್ನೆ ಬರೆಯಬೇಡಿ. ಡಿಸ್ಕ್ ಹಾಕಿ, ಟೈಟಲ್ ಕಾರ್ಡ್ ನೋಡಿ ಬರೆಯಿರಿ. ಹೊರಗಿನ ಚೀಟಿ ಎಷ್ಟೋ ಸಲ ಬೇರೆಯೇ ಹೇಳುತ್ತದೆ. ಹೆಸರೇ ಇಲ್ಲದಿದ್ದರೆ ನೀವೇ ಒಂದು ಕೊಟ್ಟು ಚೌಕ ಆವರಣದಲ್ಲಿ ಹಾಕಿ: [ದಸರಾ ಮೆರವಣಿಗೆ, 1998].

ಖರ್ಚಿನ ಮಾತು. ಕೋಹಾ ಪುಕ್ಕಟೆ. ನ್ಯೂಜಿಲೆಂಡ್‌ನ ಒಂದು ಸಣ್ಣ ಊರಿನ ಗ್ರಂಥಾಲಯಕ್ಕೆಂದು ಮಾಡಿದ್ದು, 2000ದಿಂದ ಎಲ್ಲರಿಗೂ ಮುಕ್ತ. ಆದರೆ ಲಿನಕ್ಸ್ ಬೇಕು, ಹಾಕಿಕೊಡಲು ತಿಳಿದವರು ಬೇಕು. ನಮಗೆ ಗ್ರಂಥಾಲಯ ವಿಜ್ಞಾನ ಓದಿದ ಒಬ್ಬ ಹುಡುಗ ಹಳೇ ಡೆಸ್ಕ್‌ಟಾಪ್‌ನಲ್ಲೇ ಹಾಕಿಕೊಟ್ಟ. ಎಎಂಸಿ ದುಡ್ಡಿನಲ್ಲಿ ಒಂದು ಹಾರ್ಡ್ ಡಿಸ್ಕ್ ಬಂತು, ಬೂಷ್ಟು ಹಿಡಿಯುವ ಮುಂಚೆ ಕ್ಯಾಸೆಟ್‌ಗಳನ್ನು ಅದಕ್ಕೆ ಇಳಿಸುತ್ತಿದ್ದೇವೆ.

ಎಕ್ಸೆಲ್ ಕೆಟ್ಟದ್ದಲ್ಲ. ಲಿನಕ್ಸ್ ಗೊತ್ತಿರುವವರು ಸಿಗುವವರೆಗೆ ಅದರಲ್ಲೇ ಶುರು ಮಾಡಿ. ಒಂದೇ ಖಾನೆಯಲ್ಲಿ ಕಾಮಾ ಹಾಕಿ ಐದು ಹೆಸರು ತುರುಕಬೇಡಿ, ನಿರ್ದೇಶಕರಿಗೊಂದು, ನಾಟಕಕಾರರಿಗೊಂದು ಕಾಲಂ ಇರಲಿ. ಅವಧಿಯನ್ನು ನಿಮಿಷದಲ್ಲೇ ಬರೆಯಿರಿ, 1:35 ಎಂದು ಹೊಡೆದರೆ ಎಕ್ಸೆಲ್ ಅದನ್ನು ರಾತ್ರಿ ಒಂದು ಮೂವತ್ತೈದು ಮಾಡಿಬಿಡುತ್ತದೆ. ಹೀಗೆ ಇಟ್ಟುಕೊಂಡ ಹಾಳೆಯನ್ನು ಮಾರ್ಕ್‌ಎಡಿಟ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮಾರ್ಕ್ ದಾಖಲೆಗಳಾಗಿ ಬದಲಿಸಿ ಕೋಹಾಗೆ ತರಬಹುದು. ಮೊದಲು ಐದಾರು ದಾಖಲೆ ಮಾತ್ರ ಹಾಕಿ ನೋಡಿ. ಹೆಸರುಗಳು ಸರಿಯಾದ ಖಾನೆಗೆ ಬಿದ್ದಿಲ್ಲ ಅಂದರೆ ಆ ಕಂತನ್ನು ಪೂರ್ತಿ ವಾಪಸ್ ತೆಗೆಯುವ ಅವಕಾಶ ಕೋಹಾದಲ್ಲೇ ಇದೆ.