ಸ್ಟ್ರೀಮಿಂಗ್, ಡೌನ್‌ಲೋಡ್, ಸಿಡಿ: ಮೂರರಲ್ಲೂ ಕೇಳಿ ನೋಡಿದೆ

ತಿಂಗಳ ಚಂದಾದ ಸ್ಟ್ರೀಮಿಂಗ್ ಆಪ್, ಕಲಾವಿದರೇ ತಮ್ಮ ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಕೊಂಡ ಡೌನ್‌ಲೋಡ್, ಕಪಾಟಿನಲ್ಲಿರುವ ಸಿಡಿ. ನನ್ನ ಇಷ್ಟದ ಕೆಲವು ಆಲ್ಬಮ್‌ಗಳು ಮೂರರಲ್ಲೂ ಇವೆ. ಹಾಗಾಗಿ ಹೋಲಿಸಿ ನೋಡುವುದು ಸುಲಭವಾಯಿತು.

ಸದ್ದಿನ ವಿಷಯ ಬೇಗ ಮುಗಿಸುತ್ತೇನೆ. ಸಿಡಿಯಲ್ಲಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಮಾಹಿತಿ ಇರುತ್ತದೆ. ಸ್ಪಾಟಿಫೈನಲ್ಲಿ ಬಹಳ ಕಾಲ 320ಕ್ಕಿಂತ ಮೇಲೆ ಸಿಗುತ್ತಲೇ ಇರಲಿಲ್ಲ. ಆಪಲ್ ಮ್ಯೂಸಿಕ್ 2021ರಲ್ಲೇ ಲಾಸ್‌ಲೆಸ್, ಅಂದರೆ ಮೂಲದ ಮಾಹಿತಿ ಏನೂ ಕಳೆಯದ ಸದ್ದು, ಕೊಟ್ಟಿತು. ಅಂಕಿ ನೋಡಿದರೆ ಭಾರೀ ಅಂತರ. ಬ್ಲೂಟೂತ್ ಇಯರ್‌ಫೋನ್‌ನಲ್ಲಿ ನನಗಂತೂ ಏನೂ ಗೊತ್ತಾಗಲಿಲ್ಲ. ಬ್ಲೂಟೂತ್ ಹೇಗೂ ಸದ್ದನ್ನು ಇನ್ನೊಮ್ಮೆ ಕುಗ್ಗಿಸಿಯೇ ಕಳಿಸುತ್ತದೆ ಅಲ್ವಾ?

ನಿಜವಾದ ವ್ಯತ್ಯಾಸ ಇರುವುದು ದುಡ್ಡಿನ ದಾರಿಯಲ್ಲಿ. ನಾನು ತಿಂಗಳಿಡೀ ಒಬ್ಬನೇ ಪಿಟೀಲುವಾದಕನನ್ನು ಕೇಳಿದರೆ ನನ್ನ ಚಂದಾ ಅವನಿಗೇ ಸಿಗಬೇಕಲ್ಲ? ಹೆಚ್ಚಿನ ಆಪ್‌ಗಳಲ್ಲಿ ಹಾಗಾಗುವುದಿಲ್ಲ. ಎಲ್ಲರ ಚಂದಾ ಒಂದೇ ರಾಶಿಗೆ ಬೀಳುತ್ತದೆ. ಒಟ್ಟು ಪ್ಲೇಗಳಲ್ಲಿ ಯಾರದ್ದು ಎಷ್ಟು ಎಂದು ನೋಡಿ ಹಂಚುತ್ತಾರೆ. ನಾನು ಕೇಳದೇ ಇರುವ ಹಿಟ್ ಹಾಡಿಗೂ ನನ್ನ ದುಡ್ಡು ಹೋಗುತ್ತದೆ. ಸೌಂಡ್‌ಕ್ಲೌಡ್ ಎಂಬ ಆಪ್ 2021ರಲ್ಲಿ, ಕೇಳುಗ ಕೊಟ್ಟದ್ದು ಅವನು ಕೇಳಿದವರಿಗೇ ಸೇರುವ ಪದ್ಧತಿ ತಂದಿತು. ದೊಡ್ಡ ಆಪ್‌ಗಳು ಆ ಕಡೆ ವಾಲಲಿಲ್ಲ.

ಸ್ಪಾಟಿಫೈನಲ್ಲಿ 30 ಸೆಕೆಂಡ್ ಓಡಿದರೆ ಒಂದು ಪ್ಲೇ. ಎರಡೂವರೆ ನಿಮಿಷದ ಹಾಡಿಗೂ ಒಂದು, ಅರ್ಧ ಗಂಟೆಯ ವಾದ್ಯಸಂಗೀತಕ್ಕೂ ಒಂದು. ಹೀಗಿದ್ದ ಮೇಲೆ ಉದ್ದದ ಮುನ್ನುಡಿ ಬಾರಿಸುವ ಧೈರ್ಯ ಯಾರಿಗೆ ಬಂದೀತು? 2024ರಿಂದ ಇನ್ನೊಂದು ನಿಯಮ: ಹಿಂದಿನ 12 ತಿಂಗಳಲ್ಲಿ 1,000 ಪ್ಲೇ ಆಗದ ಹಾಡಿನ ರೆಕಾರ್ಡಿಂಗ್‌ಗೆ ರಾಯಲ್ಟಿಯೇ ಇಲ್ಲ. ನಾನು ಹುಡುಕಿ ಹುಡುಕಿ ಕೇಳುವ ಹಾಡುಗಳಲ್ಲಿ ಕೆಲವು ಈ ಗೆರೆಯ ಕೆಳಗೇ ಇವೆ.

ಬ್ಯಾಂಡ್‌ಕ್ಯಾಂಪ್ ಲೆಕ್ಕ ಸರಳ. ಡಿಜಿಟಲ್ ಆಲ್ಬಮ್ ಕೊಂಡರೆ ಕಂಪನಿಗೆ ಸಾಮಾನ್ಯವಾಗಿ ಶೇ. 15, ಪಾವತಿಯ ಖರ್ಚು ಬೇರೆ. ಉಳಿದದ್ದು ಕಲಾವಿದರಿಗೆ, ಇಲ್ಲವೇ ಅವರ ಲೇಬಲ್‌ಗೆ, ಅಂದರೆ ಆಲ್ಬಮ್ ಹೊರತರುವ ಸಂಸ್ಥೆಗೆ. ಫೈಲ್ ನನ್ನ ಹಾರ್ಡ್‌ಡಿಸ್ಕ್‌ನಲ್ಲಿ ಇರುತ್ತದೆ. ಸ್ಟ್ರೀಮಿಂಗ್‌ನಲ್ಲಿ ಆ ಭರವಸೆ ಇಲ್ಲ. ನನ್ನ ಪ್ಲೇಲಿಸ್ಟ್‌ನಲ್ಲಿದ್ದ ಒಂದು ಇಡೀ ಆಲ್ಬಮ್ ಬೂದು ಬಣ್ಣಕ್ಕೆ ತಿರುಗಿತ್ತು. ಹೆಸರು ಕಾಣುತ್ತಿತ್ತು, ಒತ್ತಿದರೆ ಹಾಡುತ್ತಿರಲಿಲ್ಲ. ಲೈಸೆನ್ಸ್ ಮುಗಿದರೆ ಹೀಗೇ. ಆದರೆ ಬ್ಯಾಂಡ್‌ಕ್ಯಾಂಪ್‌ನಲ್ಲಿ ದೊಡ್ಡ ಲೇಬಲ್‌ಗಳ ಸರಕು ಕಡಿಮೆ, ಸಿನಿಮಾ ಹಾಡು ಹುಡುಕಿ ಪ್ರಯೋಜನವಿಲ್ಲ.

ಸಿಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವೇ ಇಲ್ಲ. ಆದರೂ ಒಳಗಿನ ಪುಸ್ತಿಕೆಯಲ್ಲಿ ಎರಡನೇ ಹಾಡಿಗೆ ಕೊಳಲು ಯಾರದ್ದು, ಮಿಕ್ಸಿಂಗ್ ಯಾರದ್ದು ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಆಪ್‌ನಲ್ಲಿ ಮೂರು ಚುಕ್ಕೆ ಒತ್ತಿ ಹುಡುಕಿದರೂ ಎಷ್ಟೋ ಸಲ ಹಾಡಿದವರ ಹೆಸರಿನ ಆಚೆ ಏನೂ ಸಿಗುವುದಿಲ್ಲ.

ಸ್ಟ್ರೀಮಿಂಗ್ ಬಿಟ್ಟಿಲ್ಲ. ಹೊಸಬರನ್ನು ಹುಡುಕಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಅಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಪಟ್ಟಿ ಮಾಡಿಟ್ಟುಕೊಳ್ಳುತ್ತೇನೆ. 2020ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನ, ಅಂದರೆ ಆಯ್ದ ಕೆಲವು ಶುಕ್ರವಾರ, ಕಂಪನಿ ತನ್ನ ಪಾಲು ಬಿಟ್ಟುಕೊಡುತ್ತದೆ. ಖರೀದಿಯೆಲ್ಲ ಅವತ್ತೇ.