ಫೋನ್ ತೋರಿಸಿದ ಒಳದಾರಿ ಹಿಡಿಯಬೇಡಿ: ಯೂಟಾದ ಮಣ್ಣಿನಲ್ಲಿ ನಾವು ಸಿಕ್ಕಿಬಿದ್ದ ರಾತ್ರಿ

ಊರಿಂದ ಅಪ್ಪ-ಅವ್ವ ಬಂದಿದ್ದಾರೆ, ಅಮೆರಿಕದ ಯೂಟಾ, ಕೊಲರಾಡೊ ಕಡೆ ಕಾರಲ್ಲಿ ಸುತ್ತಾಡಿಸಿಕೊಂಡು ಬರೋಣ ಅಂತ ಹೊರಡುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಜುಲೈಯಿಂದ ಸೆಪ್ಟೆಂಬರ್ ಒಳಗೆ ಹೋಗುವವರು, ಅದು ಅಲ್ಲಿಯ ಮಳೆಗಾಲ.

ನಾವು ಫೀನಿಕ್ಸ್‌ನಿಂದ ಹೊರಟದ್ದು ಆಗಸ್ಟ್ ಮೊದಲ ವಾರ. ಅಪ್ಪ, ಅವ್ವ, ನಾನು, ಹೆಂಡತಿ, 7 ವರ್ಷದ ಮಗಳು. ಬಾಡಿಗೆ ಕಾರು. ಅರಿಜೋನಾದ ಪೇಜ್ ಅನ್ನುವ ಊರು, ಯೂಟಾದ ಬ್ರೈಸ್ ಕ್ಯಾನ್ಯನ್, ಮೋಆಬ್ ನೋಡಿಕೊಂಡು ಆಮೇಲೆ ಕೊಲರಾಡೊದ ಯೂರೇ, ಸಿಲ್ವರ್ಟನ್ ಅನ್ನುವ ಬೆಟ್ಟದ ಊರುಗಳಿಗೆ ಹೋಗುವ ಪ್ಲಾನು.

ಪೇಜ್ ಹತ್ತಿರ ಆಂಟೆಲೋಪ್ ಕ್ಯಾನ್ಯನ್ ಅನ್ನುವ ಇಕ್ಕಟ್ಟಾದ ಕಲ್ಲಿನ ಕಮರಿ ನೋಡಿದೆವು. 1997ರ ಆಗಸ್ಟ್ 12ರಂದು ಅಲ್ಲಿ 11 ಜನ ಪ್ರವಾಹಕ್ಕೆ ಸಿಕ್ಕಿ ಸತ್ತದ್ದನ್ನು ಗೈಡ್ ಹೇಳಿದಳು. ಮಳೆ ಬಿದ್ದದ್ದು ಮೈಲಿಗಟ್ಟಲೆ ದೂರದಲ್ಲಿ, ನೀರು ನುಗ್ಗಿದ್ದು ಇಲ್ಲಿ. ಅದನ್ನು ಕನ್ನಡದಲ್ಲಿ ಹೇಳಿದೆ. ಅಪ್ಪನಿಗೆ ಬೇರೆ ವಿವರ ಬೇಕಾಗಲಿಲ್ಲ. ನವಲಗುಂದದ ಕಡೆಯವರು. "ನಮ್ಮ ಬೆಣ್ಣಿಹಳ್ಳಾನೂ ಹಿಂಗ ಬರತೈತಿ" ಅಂದರು.

ಮರುದಿನ ಮಧ್ಯಾಹ್ನ ಬ್ರೈಸ್‌ಗೆ ಹೊರಟೆವು. ಡಾಂಬರು ರಸ್ತೆ ಕನಾಬ್ ಊರಿನ ಮೇಲೆ ಸುತ್ತಿಕೊಂಡು ಹೋಗುತ್ತದೆ, ಸುಮಾರು 150 ಮೈಲಿ. ಫೋನಿನ ಮ್ಯಾಪು ನಡುವೆ ಇನ್ನೊಂದು ಗೆರೆ ತೋರಿಸಿತು, ಕಾಟನ್‌ವುಡ್ ಕ್ಯಾನ್ಯನ್ ರೋಡ್. ದೂರ ಬಹಳ ಕಮ್ಮಿ. ಬೇಸಿಗೆಯಲ್ಲಿ ಅರಿಜೋನಾದ ಪೇಜ್‌ಗಿಂತ ಯೂಟಾದ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಹೊತ್ತು ಮುಳುಗುವ ಮೊದಲು ಬ್ರೈಸ್ ತೋರಿಸಬೇಕು ಅನ್ನುವ ಅವಸರದಲ್ಲಿ ಕಾರು ತಿರುಗಿಸಿಬಿಟ್ಟೆ.

ಇದು 46 ಮೈಲಿಯ ಮಣ್ಣಿನ ರಸ್ತೆ. ಒಣಗಿದ್ದಾಗ ಸಾಮಾನ್ಯ ಕಾರೂ ಓಡುತ್ತದೆ, ಜನ ಮೋಸ ಹೋಗುವುದು ಅಲ್ಲೇ. ಮೊದಲ ಕೆಲವು ಮೈಲಿ ಆರಾಮಾಗಿತ್ತು. ಪಕ್ಕದಲ್ಲಿ ಬೂದು ಬಣ್ಣದ ದಿಬ್ಬಗಳು, ಬಿರಿದ ನೆಲ. ಅಪ್ಪ ಕಿಟಕಿ ಇಳಿಸಿ ನೋಡಿದರು. "ತಮ್ಮಾ, ಇದು ನಮ್ಮ ಎರಿ ಮಣ್ಣ ಇದ್ದಂಗ ಐತಿ. ಮಳಿ ಬಂದ್ರ ಬಂಡಿ ಹೋಗೂದಿಲ್ಲ." ಆಕಾಶ ನೆತ್ತಿಯ ಮೇಲೆ ನೀಲಿಯಾಗಿತ್ತು. "ಮಳಿ ಎಲ್ಲೈತಿ ಅಪ್ಪಾ" ಅಂದೆ.

ಅಪ್ಪ ಹೇಳಿದ್ದು ಅಕ್ಷರಶಃ ನಿಜ. ಅಲ್ಲಿಯ ಜೇಡಿಮಣ್ಣಿಗೆ ಬೆಂಟೊನೈಟ್ ಅನ್ನುತ್ತಾರೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಅನ್ನುವ ಖನಿಜವೇ ನಮ್ಮ ಎರೆಮಣ್ಣಿನಲ್ಲೂ ಇರುವುದು. ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಆ ಕಡೆ ಮಳೆಗಾಲದಲ್ಲಿ ಬೆಳಗ್ಗೆಯೆಲ್ಲ ಬಿಸಿಲಿದ್ದು, ಮಧ್ಯಾಹ್ನದ ಮೇಲೆ ಒಮ್ಮೆಲೇ ಗುಡುಗು ಮಳೆ ಬರುತ್ತದೆ.

ನಮಗೆ ಬಂದದ್ದು 20 ನಿಮಿಷದ ಮಳೆ. ಅಷ್ಟಕ್ಕೇ ಕಾರು ಎಣ್ಣೆ ಮೇಲೆ ಹೋದ ಹಾಗೆ ಅಡ್ಡಡ್ಡ ಜಾರಿ ಚರಂಡಿಗೆ ಇಳಿಯಿತು. ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಮಣ್ಣು ಮೆತ್ತಿಕೊಂಡು ಚಕ್ರವೇ ತಿರುಗದ ಹಾಗಾಯಿತು. ನಾನು ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಒಂದೊಂದು ಬೂಟೂ ಇಟ್ಟಿಗೆಯಷ್ಟು ಭಾರ. ಬೆರಳಿಂದ ಕೆರೆದರೆ ಬರುವುದಿಲ್ಲ, ಚಮಚದಲ್ಲಿ ಕೆತ್ತಬೇಕು.

ಫೋನಿಗೆ ಸಿಗ್ನಲ್ ಇಲ್ಲ. ಇದ್ದದ್ದು ಅರ್ಧ ಲೀಟರಿನ 12 ಬಾಟಲಿ, ಅಂದರೆ ಐದು ಜನಕ್ಕೆ 6 ಲೀಟರ್ ನೀರು. ಈ ಮರುಭೂಮಿಯಲ್ಲಿ ಒಬ್ಬರಿಗೆ ದಿನಕ್ಕೆ 4 ಲೀಟರ್ ಬೇಕು. ಹೆದ್ದಾರಿಯ ತನಕ ನಡೆದುಹೋಗುತ್ತೇನೆ ಅಂತ ಹೊರಟೆ. ಅಪ್ಪ ಕೈ ಹಿಡಿದು ಬಿಡಲೇ ಇಲ್ಲ. ಆ ರಸ್ತೆ ಹಳ್ಳದ ಪಕ್ಕದಲ್ಲೇ ಸಾಗುತ್ತದೆ, ಮೇಲೆಲ್ಲೋ ಇನ್ನೂ ಗುಡುಗುತ್ತಿತ್ತು. ಅವರು ತಡೆದದ್ದಕ್ಕೆ ಇವತ್ತಿಗೂ ಋಣಿ. ಇಂಥ ಕಡೆ ಸಿಕ್ಕಿಕೊಂಡರೆ ಹಳ್ಳದ ನೀರು ಮುಟ್ಟದ ಜಾಗದಲ್ಲಿ ಕಾರಿನ ಹತ್ತಿರವೇ ಇರಬೇಕು, ಹುಡುಕುವವರಿಗೆ ಕಾಣುವುದು ಕಾರೇ.

ರಾತ್ರಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಅಪ್ಪನಿಗೆ ಸಕ್ಕರೆ ಕಾಯಿಲೆ, ಹಸಿದಿರುವ ಹಾಗಿಲ್ಲ. ಆದರೆ ಒಣ ರೊಟ್ಟಿ ತಿಂದರೆ ಬಾಯಾರಿಕೆ ಜಾಸ್ತಿ. ಅವ್ವ ಯಾರಿಗೂ ಹೇಳದೆ ಎರಡು ಬಾಟಲಿ ಮೊಮ್ಮಗಳಿಗಂತ ಸೀಟಿನ ಕೆಳಗೆ ಇಟ್ಟಿದ್ದರು. ತಾವು ಬಾಯಿ ಒದ್ದೆ ಮಾಡಿಕೊಂಡದ್ದಷ್ಟೇ. ಅದು ನನಗೆ ಗೊತ್ತಾದದ್ದು ಬೆಳಗ್ಗೆ.

ಮರುದಿನ ಹನ್ನೊಂದರ ಹೊತ್ತಿಗೆ ರಸ್ತೆ ಸ್ವಲ್ಪ ಒಣಗಿದ ಮೇಲೆ ಜೀಪಿನಲ್ಲಿ ಬಂದ ವಯಸ್ಸಾದ ದಂಪತಿ ನಮ್ಮನ್ನು ನೋಡಿದರು. ಮೊದಲು ನೀರು ಕೊಟ್ಟರು. ಆಮೇಲೆ ಸಿಗ್ನಲ್ ಸಿಗುವ ತನಕ ಹೋಗಿ ಫೋನ್ ಮಾಡಿದರು. ಕಾರು ಎಳೆಯುವ ಗಾಡಿ ಬಂದದ್ದು ಸಂಜೆ. ಅದಕ್ಕೆ 1,800 ಡಾಲರ್. ಬಾಡಿಗೆ ಕಂಪನಿಯ ಕರಾರಿನಲ್ಲಿ ಮಣ್ಣಿನ ರಸ್ತೆಗೆ ಇಳಿದರೆ ವಿಮೆ ಇಲ್ಲ ಅಂತ ಒಂದು ಸಾಲಿತ್ತು. ಓದದೆ ಸಹಿ ಹಾಕಿದ್ದೆ. ಕಾರಿನ ಅಡಿಭಾಗದ ರಿಪೇರಿಯೂ ನಮ್ಮ ತಲೆಗೇ ಬಂತು.

ನನಗೆ ಜಾಸ್ತಿ ಬೇಜಾರಾಗುವುದು ಇದಕ್ಕೆ: ಪೇಜ್‌ನಿಂದ ಬರುವಾಗ, ಆ ತಿರುವಿಗಿಂತ ಮೊದಲೇ ಬಿಗ್ ವಾಟರ್ ಊರಿನಲ್ಲಿ ಸರ್ಕಾರದ ಮಾಹಿತಿ ಕೇಂದ್ರ ಸಿಗುತ್ತದೆ. ಇವತ್ತು ಯಾವ ರಸ್ತೆ ಹೇಗಿದೆ ಅಂತ ಅಲ್ಲಿ ಹೇಳುತ್ತಾರೆ. ಒಳಗೆ ಡೈನೋಸಾರ್ ಪಳೆಯುಳಿಕೆಗಳೂ ಇವೆ, ನೋಡೋಣ ಅಂತ ಮಗಳು ಕೇಳಿದ್ದಳು. ತಡವಾಗುತ್ತೆ ಅಂತ ನಿಲ್ಲಿಸಲಿಲ್ಲ. ನೀವು ನಿಲ್ಲಿಸಿ. ಎರಡು ನಿಮಿಷ ಕೇಳಿ. ಮ್ಯಾಪಿನಲ್ಲಿ ಡಾಂಬರು, ಮಣ್ಣು ಎಲ್ಲ ಒಂದೇ ತರಹದ ಗೆರೆಯಾಗಿ ಕಾಣುತ್ತದೆ. ಹೊರಡುವ ಮೊದಲೇ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ, ನೀರಿನ ಕ್ಯಾನು ಡಿಕ್ಕಿಯಲ್ಲಿರಲಿ. ಐಫೋನ್ 14 ಅಥವಾ ಅದಕ್ಕಿಂತ ಹೊಸದಿದ್ದರೆ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವುದು ಹೇಗೆ ಅಂತ ಮನೆಯಲ್ಲೇ ನೋಡಿಕೊಳ್ಳಿ. ನಮ್ಮದು ಹಳೆಯ ಫೋನು.

ಮೋಆಬ್ ಕೈಬಿಟ್ಟು ಬೇರೆ ಕಾರಿನಲ್ಲಿ ಯೂರೇಗೆ ಹೋದೆವು. ಅಲ್ಲೂ ಇದೇ ಒಳದಾರಿಯ ಅಪಾಯ ಇದೆ. ಯೂರೇಯಿಂದ ಟೆಲ್ಯುರೈಡ್ ಅನ್ನುವ ಊರು ನೇರ ಲೆಕ್ಕದಲ್ಲಿ 10 ಮೈಲಿಯ ಆಸುಪಾಸು, ಡಾಂಬರು ರಸ್ತೆಯಲ್ಲಿ ಸುಮಾರು 50. ನಡುವೆ ಕಾಣುವ ದಾರಿ ಇಮೊಜೀನ್ ಪಾಸ್ ಅನ್ನುವ ಘಾಟಿ, 13,114 ಅಡಿ ಎತ್ತರ, ಫೋರ್ ವೀಲ್ ಜೀಪುಗಳಿಗೆ ಮಾತ್ರ. ನಾವು ಸುತ್ತಿಕೊಂಡೇ ಹೋದೆವು. ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ್ದೆ. ಅವರು ಬೆಟ್ಟ ನೋಡುವುದು ಬಿಟ್ಟು ರಸ್ತೆ ಬದಿಯ ಮಣ್ಣನ್ನೇ ನೋಡುತ್ತಿದ್ದರು.